ಅರ್ಜಿ ಆನ್‌ಲೈನ್, ವಿಚಾರಣೆ ಮಾತ್ರ ಫೋನ್‌ನಲ್ಲಿ: ಸರ್ಕಾರಿ ಸೈಟ್‌ಗಳು ಎಲ್ಲಿ ಎಡವುತ್ತವೆ?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಒಂದು ಪ್ರಶ್ನೆ ಹಾಕಿದ್ದರು. "ಅರ್ಜಿ ಎಲ್ಲಾ ಆನ್‌ಲೈನ್ ಆಯಿತಲ್ಲ, ಆಮೇಲೂ ಯಾಕೆ ಕಚೇರಿಗೆ ಫೋನ್ ಮಾಡಿ ನಂದು ಏನಾಯ್ತು ಅಂತ ಕೇಳಬೇಕು?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಕೂತೆ. ಮುಗಿಯಲಿಲ್ಲ, ವಿಡಿಯೋ ಆಯಿತು.

ಮೂಲ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಗದದ ಫಾರಂ ತಂದು ಸ್ಕ್ರೀನ್ ಮೇಲೆ ಅಂಟಿಸಿದರೆ ಅದು ಡಿಜಿಟಲ್ ಸೇವೆ ಆಗುವುದಿಲ್ಲ. ಸೇವೆ ಅಂದರೆ ನಮ್ಮ ಕೆಲಸ ಮುಗಿಯುವವರೆಗಿನ ಇಡೀ ದಾರಿ. ಸಬ್ಮಿಟ್ ಬಟನ್ ಆ ದಾರಿಯ ಮಧ್ಯದಲ್ಲೆಲ್ಲೋ ಬರುತ್ತದೆ. ಸೈಟ್ ಮಾಡಿಸುವ ಎಷ್ಟೋ ಇಲಾಖೆಗಳು ಆ ಬಟನ್ ಹತ್ತಿರವೇ ಕೈ ತೊಳೆದುಕೊಳ್ಳುತ್ತವೆ.

ಈಗ ಫೋನ್‌ಗೆ ಬರೋಣ. ಕಚೇರಿಗೆ ಎರಡು ಥರದ ಕರೆ ಬರುತ್ತವೆ. ಒಂದು, "ನನಗೆ ಇಂಥದ್ದು ಬೇಕು". ಇನ್ನೊಂದು, "ಬೇಕು ಅಂತ ಆಗಲೇ ಹೇಳಿದ್ದೆನಲ್ಲ, ಏನಾಯ್ತು?" ಈ ಎರಡನೇದಕ್ಕೆ ಬ್ರಿಟನ್ನಿನ ಜಾನ್ ಸೆಡನ್ ಅನ್ನುವ ನಿರ್ವಹಣಾ ಸಲಹೆಗಾರರು ಫೇಲ್ಯೂರ್ ಡಿಮ್ಯಾಂಡ್ ಅಂತ ಹೆಸರಿಟ್ಟರು. ಸೇವೆ ಏನೋ ಒಂದನ್ನು ಮಾಡದೆ ಬಿಟ್ಟಿದೆ, ಅದಕ್ಕೇ ಹುಟ್ಟಿಕೊಂಡ ಕೆಲಸ ಇದು. ಕಚೇರಿ ಇದನ್ನೂ ಕೆಲಸದ ಲೆಕ್ಕಕ್ಕೇ ಸೇರಿಸಿಕೊಂಡು, ಫೋನ್ ಎತ್ತೋಕೆ ಇನ್ನೂ ನಾಲ್ಕು ಜನ ಬೇಕು ಅಂತ ಕೇಳುತ್ತದೆ.

ಕರೆ ಕಡಿಮೆ ಮಾಡೋಕೆ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ: ಟ್ರ್ಯಾಕಿಂಗ್ ಪೇಜ್. "ನಿಮ್ಮ ಅರ್ಜಿಯ ಸ್ಥಿತಿ ತಿಳಿಯಿರಿ." ಬ್ರಿಟನ್ ಸರ್ಕಾರದ ಡಿಜಿಟಲ್ ತಂಡದ ಮುಂದೆಯೂ ಇದೇ ಬೇಡಿಕೆ ಇತ್ತು. ಅವರು ಸ್ವಲ್ಪ ನಿಂತು, ಜನರಿಗೆ ನಿಜಕ್ಕೂ ಬೇಕಾಗಿರುವುದು ಪೇಜಾ ಅಥವಾ ಸುದ್ದಿಯಾ ಅಂತ ನೋಡಿದರು. ಇಲ್ಲೇ ನನಗೆ ಈ ಕಥೆ ಭಾರೀ ಇಷ್ಟ ಆಗೋದು, ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ಇರುತ್ತೇನೆ, ಸಹಿಸಿಕೊಳ್ಳಿ.

ಟ್ರ್ಯಾಕಿಂಗ್ ಪೇಜ್ ಅಂದರೆ ಬಸ್‌ಸ್ಟಾಪಲ್ಲಿ ನಿಂತು ರಸ್ತೆ ಕಡೆ ಇಣುಕುವುದು. ಬಸ್ ಬಂತಾ? ಇಲ್ಲ. ಮತ್ತೆ ಇಣುಕು. ನೀವು ಇಣುಕಿದ್ದಕ್ಕೆ ಬಸ್ ಬೇಗ ಬರುವುದಿಲ್ಲ, ಕುತ್ತಿಗೆ ನೋವು ಮಾತ್ರ ಬರುತ್ತದೆ. ಮೊದಲು ಫೋನಲ್ಲಿ ಇಣುಕುತ್ತಿದ್ದೆವು, ಈಗ ವೆಬ್‌ಸೈಟಲ್ಲಿ. ಆತಂಕ ಹಾಗೇ ಇದೆ, ಜಾಗ ಬದಲಾಯಿತು ಅಷ್ಟೇ.

ಹಾಗಾಗಿ ಅವರು ಬೇರೆ ದಾರಿ ಹಿಡಿದರು. ಸರ್ಕಾರವೇ ಮುಂದಾಗಿ ಮೆಸೇಜ್ ಕಳಿಸಲಿ. 2016ರಲ್ಲಿ ಶುರುವಾದ ಈ ವ್ಯವಸ್ಥೆಯ ಹೆಸರು ಗವ್.ಯುಕೆ ನೋಟಿಫೈ. ಪ್ರತಿ ಇಲಾಖೆಯೂ ತನ್ನದೇ ಒಂದು ಕಟ್ಟಿಸಿಕೊಳ್ಳುವ ಬದಲು ಎಲ್ಲರಿಗೂ ಒಂದೇ. ಎಸ್ಎಂಎಸ್, ಇಮೇಲ್, ಬೇಕಿದ್ದರೆ ಅಂಚೆ ಪತ್ರ ಕೂಡ. ಇಲ್ಲಿವರೆಗೆ ನೂರಾರು ಕೋಟಿ ಮೆಸೇಜ್ ಹೋಗಿವೆ. ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಕೆನಡಾ ಅದನ್ನೇ ತೆಗೆದುಕೊಂಡು ತನ್ನದನ್ನು ಮಾಡಿಕೊಂಡಿತು. ಮೆಸೇಜಿನ ಮಾತು ಬದಲಿಸಬೇಕಾ? ಪ್ರೋಗ್ರಾಮರ್ ಬೇಡ. ಆ ಕೆಲಸ ನೋಡಿಕೊಳ್ಳುವ ಸಿಬ್ಬಂದಿಯೇ ಬರೆದು ಬದಲಿಸಬಹುದು.

[ಸ್ಕ್ರೀನ್ ಮೇಲೆ: ನಿಮ್ಮ ಅರ್ಜಿ ತಲುಪಿದೆ. ಉತ್ತರಕ್ಕೆ 10 ದಿನ ಆಗಬಹುದು. ಅಲ್ಲಿವರೆಗೆ ನೀವು ಏನೂ ಮಾಡಬೇಕಾಗಿಲ್ಲ.]

ಇದು ಸುಮ್ನೆ ನಾನು ಬರೆದ ಉದಾಹರಣೆ. ಮೂರನೇ ವಾಕ್ಯ ನೋಡಿ. ಫೋನ್ ಕರೆಯನ್ನು ತಡೆಯುವುದು ಅದೇ. ಇನ್ನು ಎರಡನೇ ವಾಕ್ಯ ಇದೆಯಲ್ಲ, ಅದು ಇಲಾಖೆಗೆ ಬೆವರು ಹರಿಸುತ್ತದೆ. "10 ದಿನ" ಅಂತ ಬರೆಯಬೇಕಾದರೆ ಒಳಗೆ ಯಾರಿಗಾದರೂ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ ಅನ್ನುವುದು ಗೊತ್ತಿರಬೇಕು. ಎಷ್ಟೋ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ "ಪರಿಶೀಲನೆಯಲ್ಲಿದೆ" ಅಂತ ಕಳಿಸುತ್ತಾರೆ. ಯಾರ ಹತ್ತಿರ, ಯಾವಾಗಿನವರೆಗೆ, ಕೇಳಬೇಡಿ!

ಸರಿ, ಈಗ ದೊಡ್ಡ ಎಡವಟ್ಟಿನ ಕಥೆ. ಅಮೆರಿಕದ ಹೆಲ್ತ್‌ಕೇರ್.ಗವ್, ಆರೋಗ್ಯ ವಿಮೆ ಕೊಳ್ಳುವ ಸೈಟ್. ಶುರುವಾಗಿದ್ದು 2013ರ ಅಕ್ಟೋಬರ್ 1. ಮೊದಲ ದಿನ ಪೂರ್ತಿ ನೋಂದಣಿ ಆದವರು 6 ಜನ. ಆರು ಸಾವಿರ ಅಲ್ಲ, ಆರೇ ಜನ. ಆಮೇಲೆ ಹೊರಬಂದ ಒಳಗಿನ ಸಭೆಯ ಟಿಪ್ಪಣಿಯಲ್ಲೇ ಇದು ಇತ್ತು. ಕಾರಣ ಹಲವು, ಅದರಲ್ಲೊಂದು ಶುದ್ಧ ವಿನ್ಯಾಸದ್ದು: ವಿಮೆಯ ಬೆಲೆ ನೋಡೋಕೂ ಮೊದಲು ಖಾತೆ ತೆರೆಯಬೇಕಿತ್ತು. ಬರೀ ನೋಡಿ ಹೋಗೋಣ ಅಂತ ಬಂದವರೂ ಅದೇ ಬಾಗಿಲಲ್ಲಿ ನುಗ್ಗಿದರು, ಬಾಗಿಲೇ ಮುರಿಯಿತು. ದುರಸ್ತಿಗೆ ಹೊರಗಿನಿಂದ ಎಂಜಿನಿಯರ್‌ಗಳು ಬಂದಾಗ, ಸೈಟ್ ಹೇಗಿದೆ ಅಂತ ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡೂ ಇರಲಿಲ್ಲ. ಅವರ ಸಭೆಯ ಮೊದಲ ನಿಯಮ ಚೆನ್ನಾಗಿದೆ: ಇಲ್ಲಿ ಸಮಸ್ಯೆ ಬಿಡಿಸುತ್ತೇವೆ, ತಪ್ಪು ಯಾರದು ಅನ್ನೋ ಜಗಳಕ್ಕೆ ಬೇರೆ ಜಾಗ ಬೇಕಾದಷ್ಟಿವೆ. 2014ರ ಏಪ್ರಿಲ್ ಹೊತ್ತಿಗೆ, ರಾಜ್ಯಗಳ ಸೈಟ್‌ಗಳೂ ಸೇರಿ, 80 ಲಕ್ಷ ಜನ ವಿಮೆಗೆ ಸೇರಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಡಿಜಿಟಲ್ ಸೇವೆಗೆಂದೇ ಒಂದು ತಂಡ ಕಟ್ಟಿಕೊಂಡಿತು. ಒಳ್ಳೇದೇ, ಆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ, ಅಲ್ವಾ?

ಟೈಮ್ ಆಗುತ್ತಾ ಬಂತು, ಉಳಿದಿದ್ದು ಓಡಿಸುತ್ತೇನೆ.

ಹುಟ್ಟಿದ ದಿನ ಕೇಳೋಕೆ ಕ್ಯಾಲೆಂಡರ್ ತೋರಿಸಬೇಡಿ. 60 ವರ್ಷದವರು ತಿಂಗಳು ತಿಂಗಳಾಗಿ ಹಿಂದೆ ಹೋದರೆ 720 ಕ್ಲಿಕ್. ಬ್ರಿಟನ್ನಿನ ಸರ್ಕಾರಿ ಫಾರಂಗಳಲ್ಲಿ ದಿನ, ತಿಂಗಳು, ವರ್ಷ ಟೈಪ್ ಮಾಡೋಕೆ ಮೂರು ಖಾಲಿ ಚೌಕ ಅಷ್ಟೇ. ಒಂದೇ ದಾಖಲೆಯನ್ನು ಹತ್ತು ಕಡೆ ಕೇಳುವ ಚಟಕ್ಕೆ ಮದ್ದು ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿದೆ. 2001ರಿಂದ ನಡೆಯುತ್ತಿರುವ ಎಕ್ಸ್-ರೋಡ್ ಅನ್ನೋ ಡೇಟಾ ವಿನಿಮಯ ವ್ಯವಸ್ಥೆಯ ಮೂಲಕ ಇಲಾಖೆಗಳು ಒಂದರಿಂದ ಒಂದು ಮಾಹಿತಿ ಪಡೆಯುತ್ತವೆ. ಎಲ್ಲವನ್ನೂ ಒಂದೇ ಗೋದಾಮಿಗೆ ಸುರಿಯುವುದಿಲ್ಲ, ಯಾರ ಡೇಟಾ ಅವರ ಹತ್ತಿರವೇ ಇರುತ್ತದೆ. ಒಂದೇ ಮಾಹಿತಿ ಸಂಗ್ರಹಿಸೋಕೆ ಇನ್ನೊಂದು ಡೇಟಾಬೇಸ್ ಮಾಡಬಾರದು ಅಂತ ಅಲ್ಲಿ ಕಾನೂನೇ ಇದೆ. ಇನ್ನು, ಯಾವ ದೇಶವೇ ಆಗಲಿ, ಆನ್‌ಲೈನ್ ಬಾರದವರಿಗೆ ಫೋನ್, ಕೌಂಟರ್ ಇರಲೇಬೇಕು. ಅದನ್ನು ಮುಚ್ಚಿ ಉಳಿತಾಯ ಅಂತ ತೋರಿಸುವವರನ್ನು ನಾನಂತೂ ನಂಬುವುದಿಲ್ಲ.

ಕೊನೇದು, ಹಣ. ಸೈಟ್ ಕಟ್ಟೋಕೆ ದುಡ್ಡು ಸಿಗುತ್ತದೆ, ನಡೆಸೋಕೆ ಸಿಗುವುದಿಲ್ಲ. ಉದ್ಘಾಟನೆ ಆದ ಮೇಲೆ ಕಾನೂನು ಬದಲಾಗುತ್ತದೆ, ಫೋನ್‌ಗಳು ಬದಲಾಗುತ್ತವೆ, ಕಟ್ಟಿದವರ ಗುತ್ತಿಗೆ ಮುಗಿದಿರುತ್ತದೆ. ಆಗ ಒಂದು ಕಾಗುಣಿತ ತಿದ್ದೋಕೂ ಹೊಸ ಟೆಂಡರ್. ನಡೆಸುವವರು ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ. 2017ರಲ್ಲಿ ಎಸ್ಟೋನಿಯಾದ ಸುಮಾರು 7.5 ಲಕ್ಷ ಐಡಿ ಕಾರ್ಡ್‌ಗಳ ಚಿಪ್‌ನಲ್ಲಿ ಭದ್ರತಾ ದೋಷ ಸಿಕ್ಕಿತು. ನಡೆಸುವ ತಂಡ ಇತ್ತು, ಹಾಗಾಗಿ ಕಾರ್ಡ್ ಬದಲಿಸದೆ ಅದರೊಳಗಿನ ಸರ್ಟಿಫಿಕೇಟ್, ಅಂದರೆ ಆನ್‌ಲೈನಲ್ಲಿ ಗುರುತು ಸಾಬೀತು ಮಾಡುವ ಡಿಜಿಟಲ್ ದಾಖಲೆ, ಹೊಸದು ಮಾಡಿದರು. ತುಂಬಾ ಜನ ಮನೆಯಲ್ಲೇ ಕೂತು ಮಾಡಿಕೊಂಡರು. ಅದು ಹೇಗೆ ಅನ್ನುವುದಕ್ಕೆ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನದು ಅದೇ.