ಹಿಂದಿನ ಕಾರಿನವನ ಹಾರನ್

ನಮಸ್ಕಾರ. ಇವತ್ತು ನನ್ನ ಮಾನವನ್ನು ನಾನೇ ಹರಾಜಿಗಿಟ್ಟು ಮಾತು ಆರಂಭಿಸುತ್ತೇನೆ.

ಒಂದು ಸಂಜೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಹಿಂದಿನ ಕಾರಿನವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ಸಾಲದೆಂಬಂತೆ ಲೈಟನ್ನೂ ಹೊತ್ತಿಸಿ ಆರಿಸುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ದಾರಿ ಬಿಡುವುದಿರಲಿ, ಬೇಕೆಂದೇ ವೇಗ ತಗ್ಗಿಸಿದೆ. ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಅವನ ಏಳು ತಲೆಮಾರನ್ನು ಮನಸ್ಸಿನಲ್ಲೇ ಜಾಲಾಡಿದೆ. ಸಿಗ್ನಲ್ಲಿನಲ್ಲಿ ಅವನು ಪಕ್ಕಕ್ಕೆ ಬಂದು ಗಾಜು ಇಳಿಸಿದ. ನಾನೂ ಇಳಿಸಿದೆ, ಜಗಳಕ್ಕೆ ಸಜ್ಜಾಗಿ. 'ನಿಮ್ಮ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದೇ ಇದೆ, ಸಾರ್' ಎಂದ.

ಸಿಗ್ನಲ್ ದಾಟಿ ಬದಿಗೆ ನಿಲ್ಲಿಸಿ ನೋಡಿದೆ. ಮುಚ್ಚಳ ತನ್ನ ದಾರಕ್ಕೆ ನೇತಾಡುತ್ತಿತ್ತು. ಕಾರಿನ ಮೈಗೆ ಬಡಿಬಡಿದು ಅಲ್ಲಿ ಉಗುರಿನಷ್ಟಗಲ ಬಣ್ಣ ಎದ್ದುಹೋಗಿತ್ತು. ಆ ಗುರುತು ಇನ್ನೂ ಇದೆ, ನಾನು ಅಳಿಸಿಲ್ಲ.

ಕಾರಿಗೆ ಇರುವುದು ಒಂದೇ ಸ್ವರ. 'ಹುಷಾರು', 'ದಾರಿ ಬಿಡಿ', 'ಮುಚ್ಚಳ ತೆರೆದಿದೆ', 'ಕತ್ತೆ', ಎಲ್ಲವನ್ನೂ ಅದೇ ಸ್ವರದಲ್ಲಿ ಹೇಳಬೇಕು. ಅರ್ಥ ತುಂಬುವವರು ಕೇಳುವ ನಾವು. ನಡೆದು ಹೋಗುವಾಗ ಯಾರದೋ ಭುಜ ತಾಗಿದರೆ ಒಂದು ನಗುವಿನಲ್ಲಿ ಮುಗಿಯುವ ಮಾತು, ಗಾಜಿನ ಹಿಂದೆ ಮುಖ ಮರೆಯಾದ ಕೂಡಲೇ ಯುದ್ಧವಾಗುತ್ತದೆ. ನಾನು ಅಡ್ಡ ನುಗ್ಗಿದರೆ ಪಾಪ, ಅವಸರದ ಕೆಲಸವಿತ್ತು. ಅವನು ನುಗ್ಗಿದರೆ ಸೊಕ್ಕು.

ಸಿಟ್ಟು ಬಂದಾಗ ದೀರ್ಘವಾಗಿ ಉಸಿರಾಡಿ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ನಿಧಾನವಾಗಿ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಆದರೆ ಅದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಒತ್ತಡ ಕಾರಿನ ಬಾಗಿಲು ತೆರೆಯುವ ಮೊದಲೇ ಜೊತೆಗಿರುತ್ತದೆ, ತಡವಾಗಿ ಹೊರಟಿದ್ದರಿಂದ. ತಡವಾದದ್ದನ್ನು ರಸ್ತೆಯಲ್ಲಿ ತುಂಬಿಕೊಳ್ಳುತ್ತೇನೆ ಎನ್ನುವವರು ಲೆಕ್ಕ ಹಾಕಿ ನೋಡಲಿ. 10 ಕಿಲೋಮೀಟರ್ ದಾರಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 10 ನಿಮಿಷ ಬೇಕು. 80ರಲ್ಲಿ ಹೋದರೆ ಏಳೂವರೆ. ಉಳಿಯುವುದು ಎರಡೂವರೆ ನಿಮಿಷ, ಅದೂ ನಡುವೆ ಒಂದೂ ಸಿಗ್ನಲ್ ಇಲ್ಲದಿದ್ದರೆ. ಅತ್ತ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಮುಕ್ಕಾಲು ಪಾಲಿಗೂ ಮೀರಿ ಹೆಚ್ಚುತ್ತದೆ.

ಪಕ್ಕದ ಸಾಲೇ ಬೇಗ ಸಾಗುತ್ತಿದೆ ಎನ್ನಿಸುತ್ತದಲ್ಲ, ಅದೂ ಬಹುಪಾಲು ಭ್ರಮೆ. ರೆಡೆಲ್‌ಮಯರ್ ಮತ್ತು ಟಿಬ್ಶಿರಾನಿ ಎಂಬ ಸಂಶೋಧಕರು 1999ರಲ್ಲೇ ಇದನ್ನು ವಿವರಿಸಿದ್ದಾರೆ. ನಾವು ಹಿಂದಿಕ್ಕುವ ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಕ್ಷಣದಲ್ಲಿ ದಾಟಿಬಿಡುತ್ತೇವೆ. ನಮ್ಮನ್ನು ಹಿಂದಿಕ್ಕುವವು ದೂರ ದೂರ ಬರುತ್ತವೆ, ಅದನ್ನು ನೋಡುತ್ತಾ ಕೂರುವ ಹೊತ್ತೇ ಹೆಚ್ಚು. ಎರಡೂ ಸಾಲಿನ ಸರಾಸರಿ ವೇಗ ಒಂದೇ ಇದ್ದರೂ ಹೊಟ್ಟೆ ಉರಿಯುವುದು ತಪ್ಪುವುದಿಲ್ಲ.

ನನ್ನನ್ನು ನಿಜವಾಗಿ ಬದಲಿಸಿದ್ದು ಜಪಾನಿನ ಒಂದು ಪ್ರಯೋಗ, 2008ರಲ್ಲಿ ಪ್ರಕಟವಾದದ್ದು. 230 ಮೀಟರ್ ಸುತ್ತಳತೆಯ ದುಂಡು ದಾರಿಯಲ್ಲಿ 22 ಕಾರುಗಳನ್ನು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡಿಸಲು ಹೇಳಿದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ದಟ್ಟಣೆ ಹುಟ್ಟಿ ಅಲೆಯಂತೆ ಹಿಂದಕ್ಕೆ ಸರಿಯತೊಡಗಿತು. ಕೆಲವು ಕಾರುಗಳು ನಿಂತೇ ಹೋದವು. ಒಬ್ಬ ತುಸು ಹತ್ತಿರ ಹೋಗಿ ಬ್ರೇಕ್ ಒತ್ತುತ್ತಾನೆ, ಹಿಂದಿನವನು ಇನ್ನೂ ಜೋರಾಗಿ ಒತ್ತುತ್ತಾನೆ, ಅದರ ಹಿಂದಿನವನು ನಿಲ್ಲಿಸಿಯೇ ಬಿಡುತ್ತಾನೆ. ಯಾರನ್ನು ಬೈಯುವುದು?

ಅಂದಿನಿಂದ ಮುಂದಿನ ಗಾಡಿಗೂ ನನಗೂ ನಡುವೆ ಎರಡು ಸೆಕೆಂಡಿನಷ್ಟು ಜಾಗ ಬಿಡುತ್ತೇನೆ. ಮುಂದಿನವನು ಒಂದು ಕಂಬ ದಾಟಿದ ಮೇಲೆ ಎರಡು ಎಣಿಸುವಷ್ಟರಲ್ಲಿ ನಾನು ಅಲ್ಲಿಗೆ ತಲುಪಬಾರದು. ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ ಎನ್ನುತ್ತೀರಿ. ನುಗ್ಗಲಿ. ಒಬ್ಬ ನುಗ್ಗಿದರೆ ನನಗಾಗುವ ನಷ್ಟ ಎರಡು ಸೆಕೆಂಡು. ಹತ್ತು ಮಂದಿ ನುಗ್ಗಿದರೂ 20.

ಹಾಗೆಂದು ನಾನು ಸಾಧುವಾಗಿದ್ದೇನೆ ಎಂದಲ್ಲ. ಒಳಗೆ ಕುದಿಯುತ್ತಿದ್ದರೆ ನನಗೆ ಮೊದಲು ಹೇಳುವುದು ಹೆಗಲು. ಗೊತ್ತಿಲ್ಲದೆಯೇ ಕಿವಿಯ ಹತ್ತಿರಕ್ಕೆ ಏರಿ ಕುಳಿತಿರುತ್ತದೆ, ಬೆರಳುಗಳು ಸ್ಟೀರಿಂಗನ್ನು ಹಿಂಡುತ್ತಿರುತ್ತವೆ. ನೀವು ಕಾರು ಓಡಿಸುತ್ತಲೇ ಇದನ್ನು ಕೇಳುತ್ತಿದ್ದರೆ ನಿಮ್ಮ ಹೆಗಲು ಎಲ್ಲಿದೆ ನೋಡಿಕೊಳ್ಳಿ. ನನ್ನದು ಆ ಹಾರನ್ ಕಥೆ ಹೇಳುವಾಗಲೇ ಏರಿತ್ತು. ಈಗಷ್ಟೇ ಇಳಿಸಿದೆ.