ಕೂಸಿಗೆ ರೋಟಾ ಹನಿ, ಹೊತ್ತಿಗೆ ಸರಿಯಾಗಿ

ಕೇಳುಗರಿಗೆಲ್ಲ ನಮಸ್ಕಾರ.

"ನೀರು ಕುದಿಸಿ ಆರಿಸಿಯೇ ಕೊಟ್ಟೆ ಡಾಕ್ಟ್ರೇ. ಬಟ್ಟಲು, ಚಮಚ ಎಲ್ಲ ಬಿಸಿನೀರಲ್ಲೇ ತೊಳೆದೆ. ಆದರೂ ಹೀಗಾಯ್ತಲ್ಲ." ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ ಹೀಗೆ ಹೇಳುತ್ತ ಅಳುತ್ತಿದ್ದರು. ಮಡಿಲಲ್ಲಿ ಎಂಟು ತಿಂಗಳ ಮಗು. ಹಿಂದಿನ ದಿನ ಜ್ವರ, ವಾಂತಿ. ರಾತ್ರಿಯಿಂದ ನೀರಿನಂಥ ಭೇದಿ. ಮಗು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ನೆತ್ತಿ ಗುಳಿಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟೆ. ಮಡಿಕೆ ತಟ್ಟನೆ ಇಳಿಯದೆ ಹಾಗೇ ನಿಂತಿತ್ತು. ಮೈಯ ನೀರು ಅಷ್ಟು ಬತ್ತಿತ್ತು.

ಆ ತಾಯಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ. ಇದು ನಿಮ್ಮ ತಪ್ಪಲ್ಲಮ್ಮ. ಕಾಯಿಲೆಬಿದ್ದ ಮಗುವಿನ ಒಂದು ಗ್ರಾಂ ಮಲದಲ್ಲಿ, ಇಂಥ ಭೇದಿ ತರುವ ರೋಟಾ ವೈರಸ್ ಕೋಟಿಗಟ್ಟಲೆ ಇರುತ್ತದೆ. ಇನ್ನೊಂದು ಮಗುವಿಗೆ ಅಂಟಲು ನೂರು ಕಣಗಳೂ ಬೇಡ. ಆಟಿಕೆಯ ಮೇಲೆ, ಬಾಗಿಲ ಹಿಡಿಯ ಮೇಲೆ ಅದು ದಿನಗಟ್ಟಲೆ ಬದುಕುತ್ತದೆ. ಕೈ ತೊಳೆಯಲೇಬೇಕು, ಆದರೆ ಇದನ್ನು ತಡೆಯಲು ಅಷ್ಟೇ ಸಾಲದು. ಲಸಿಕೆ ಇಲ್ಲದ ಕಾಲದಲ್ಲಿ ಶ್ರೀಮಂತ ದೇಶ, ಬಡ ದೇಶ ಎನ್ನದೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಐದು ವರ್ಷದೊಳಗೆ ಈ ಸೋಂಕು ತಗಲುತ್ತಿತ್ತು.

1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ಒಳಪದರದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಈ ವೈರಸ್ಸನ್ನು ಗುರುತಿಸಿದರು. ಚಕ್ರದಂತೆ ಕಂಡದ್ದಕ್ಕೆ ರೋಟಾ ಎಂಬ ಹೆಸರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಚಕ್ರ. ನೀರನ್ನೂ ಸತ್ವವನ್ನೂ ಹೀರಿಕೊಳ್ಳುವ ಸಣ್ಣ ಕರುಳಿನ ಕೋಶಗಳನ್ನೇ ಇದು ಹಾಳುಮಾಡುತ್ತದೆ. ಆ್ಯಂಟಿಬಯಾಟಿಕ್ ಇದನ್ನು ಮುಟ್ಟುವುದಿಲ್ಲ. ಹೋದ ನೀರು, ಉಪ್ಪನ್ನು ತುಂಬುತ್ತ ಹೋಗುವುದೊಂದೇ ದಾರಿ.

ಈ ಸೋಂಕು ಮತ್ತೆ ಮತ್ತೆ ಬರಬಹುದು. ಆದರೆ ಸಾಮಾನ್ಯವಾಗಿ ಮೊದಲನೆಯ ಸಲದ್ದೇ ಜೋರು, ಆಮೇಲಿನವು ಸೌಮ್ಯ. ಲಸಿಕೆ ಮಾಡುವುದು ಇಷ್ಟೇ: ಶಕ್ತಿಗುಂದಿಸಿದ ವೈರಸ್ಸನ್ನು ಬಾಯಿಗೆ ಹನಿಯಾಗಿ ಹಾಕಿ, ಆ ಮೊದಲ ಪಾಠವನ್ನು ನೋವಿಲ್ಲದೆ ಮುಗಿಸಿಬಿಡುತ್ತದೆ. ಭಾರತದಲ್ಲೇ ತಯಾರಾದ ಒಂದು ಲಸಿಕೆಯ ಮೂಲವಂತೂ ನನಗೆ ಬಹಳ ಇಷ್ಟ. ದೆಹಲಿಯ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳಿಗೆ ಸೋಂಕಿದ್ದರೂ ಭೇದಿಯೇ ಆಗಿರಲಿಲ್ಲ. ಅವರಲ್ಲಿ ಸಿಕ್ಕ ಆ ಸಾಧು ತಳಿಯಿಂದಲೇ ಲಸಿಕೆ ಬಂತು.

ಭಯಪಡುವವರಿಗೆ ಒಂದು ಸಂಗತಿ ಮುಚ್ಚಿಡದೆ ಹೇಳಬೇಕು. 1998ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ರೋಟಾ ಲಸಿಕೆಯನ್ನು ಮರುವರ್ಷವೇ ಹಿಂತೆಗೆದುಕೊಂಡರು. ಕೆಲವೇ ಮಕ್ಕಳಲ್ಲಿ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಕ್ಕೆ, ಅಂಗಿಯ ತೋಳು ಒಳಮಡಚಿಕೊಂಡ ಹಾಗೆ, ಸೇರಿಕೊಂಡಿತ್ತು. ಆ ಕಾರಣಕ್ಕೇ ಆಮೇಲೆ ಬಂದ ಎರಡು ಹೊಸ ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದರು. ಆ ಅಪಾಯ ಈಗಲೂ ಪೂರ್ತಿ ಸೊನ್ನೆಯಲ್ಲ, ಬಲು ಅಪರೂಪ. ಹನಿ ಹಾಕಿಸಿದ ಒಂದು ವಾರದಲ್ಲಿ ಮಗು ಕಾಲು ಮಡಚಿಕೊಂಡು ಬಿಟ್ಟು ಬಿಟ್ಟು ಚೀರಿದರೆ, ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಹಿಂದೆ ಹೀಗೆ ಕರುಳು ಮಡಚಿಕೊಂಡಿದ್ದ ಮಗುವಿಗೆ, ಹುಟ್ಟಿನಿಂದ ರೋಗನಿರೋಧಕ ಶಕ್ತಿಯ ತೀವ್ರ ಕೊರತೆ ಇರುವ ಮಗುವಿಗೆ ಈ ಹನಿ ಬೇಡ. ಉಳಿದಂತೆ, 2009ರಿಂದ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಇದನ್ನು ಶಿಫಾರಸು ಮಾಡಿದೆ.

ಆ ಎಂಟು ತಿಂಗಳ ಮಗುವಿನ ಲಸಿಕೆ ಕಾರ್ಡಿನಲ್ಲಿ ರೋಟಾದ ಸಾಲು ಖಾಲಿ ಇತ್ತು. ಆರನೆಯ ವಾರ ಸ್ವಲ್ಪ ನೆಗಡಿ ಇತ್ತಂತೆ, ಮುಂದೆ ನೋಡೋಣ ಅಂತ ಮನೆಯಲ್ಲಿ ಯಾರೋ ಹೇಳಿದರಂತೆ. ಸಣ್ಣ ನೆಗಡಿಗೆ ಈ ಹನಿ ಮುಂದೂಡಬೇಕಿಲ್ಲ. ಆರು ವಾರ ತುಂಬಿದ ಮೇಲೆ ಶುರು; ಲಸಿಕೆಯನ್ನು ಅವಲಂಬಿಸಿ ಎರಡು ಅಥವಾ ಮೂರು ಸಲ, ನಡುವೆ ಕನಿಷ್ಠ ನಾಲ್ಕು ವಾರ. ಹದಿನೈದು ವಾರ ದಾಟಿದರೆ ಹಲವು ದೇಶಗಳಲ್ಲಿ ಮೊದಲ ಹನಿ ಹಾಕುವುದೇ ಇಲ್ಲ. ಹನಿಗೆ ಮುಂಚೆಯೂ ಆಮೇಲೂ ಎದೆಹಾಲು ಕೊಡಬಹುದು.

ಹನಿ ಹಾಕಿಸಿದ ಮಗುವಿಗೂ ಬೇರೆ ಕಾರಣಕ್ಕೆ ಭೇದಿ ಆದೀತು. ಆಗ ಓಆರ್‌ಎಸ್, ಎದೆಹಾಲು, ವೈದ್ಯರು ಹೇಳಿದಷ್ಟು ದಿನ ಜಿಂಕ್. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಆ ತಾಯಿ ರಾತ್ರಿಯಿಡೀ ಹಾಗೆ ಕುಡಿಸಿದರು. ಬೆಳಗ್ಗೆ ನಾನು ಹೋದಾಗ ಮಗು ನನ್ನನ್ನು ಕಂಡು ಅತ್ತಿತು, ಕೆನ್ನೆಯ ಮೇಲೆ ಕಣ್ಣೀರಿಳಿಯಿತು.

ನಿಮ್ಮ ಮನೆಯಲ್ಲೂ ಎಳೆಗೂಸಿದ್ದರೆ ಈಗಲೇ ಕಾರ್ಡು ತೆಗೆದು ರೋಟಾದ ಸಾಲು ನೋಡಿ. ಖಾಲಿ ಇದ್ದರೆ, ಮುಂದಿನ ಚುಚ್ಚುಮದ್ದಿನ ದಿನಕ್ಕೆ ಕಾಯದೆ ಇದೇ ವಾರ ಹೋಗಿ ಕೇಳಿ. ನಮಸ್ಕಾರ.