ಮಿದುಳಿನ ಗಂಟು: ಗಡ್ಡೆಯೋ, ಸೋಂಕೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲ ಬಾರಿಗೆ ಫಿಟ್ಸ್ ಬಂದ ತರುಣನನ್ನು ಕುಮಟಾ, ಹೊನ್ನಾವರದ ಕಡೆಯವರು ಮಣಿಪಾಲಕ್ಕೋ ಮಂಗಳೂರಿಗೋ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೋ ಕರೆದೊಯ್ದು ಮಿದುಳಿನ ಎಂಆರ್‌ಐ ಮಾಡಿಸುತ್ತಾರೆ. ಉಂಗುರದಂತೆ ಹೊಳೆಯುವ ಗಂಟೊಂದು ಇದೆ ಎಂದು ವರದಿ ಬಂದರೆ ಮನೆಯವರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಆದರೆ ನಮ್ಮ ದೇಶದಲ್ಲಿ ಇಂಥ ಉಂಗುರಕ್ಕೆ ಕ್ಷಯದ ಗಂಟು ಮತ್ತು ಲಾಡಿಹುಳುವಿನ ಮರಿ ಕಟ್ಟಿಕೊಂಡ ಕೋಶ ಬಹಳ ಸಾಮಾನ್ಯವಾದ ಕಾರಣಗಳು. ಕೀವುಗಡ್ಡೆಯೂ, ನರತಂತುಗಳ ಹೊದಿಕೆ ಕಳಚುವ ಕಾಯಿಲೆಯೂ ಹೀಗೆಯೇ ಕಾಣಬಹುದು. ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ ಬೇಕು, ಗಡ್ಡೆಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದ್ದರಿಂದ ಇವುಗಳನ್ನು ಬೇರ್ಪಡಿಸಿ ತಿಳಿಯುವುದು ಅತ್ಯಂತ ಅಗತ್ಯ.

ಇದಕ್ಕೆ ನೆರವಾಗುವ ಪರೀಕ್ಷೆಯೇ ಎಂಆರ್ ಸ್ಪೆಕ್ಟ್ರೋಸ್ಕೋಪಿ. ಅದೇ ಯಂತ್ರದಲ್ಲಿ, ಕ್ಷಕಿರಣವಿಲ್ಲದೆ, ಮಿದುಳಿನ ಒಂದು ಸಣ್ಣ ಭಾಗವನ್ನು ಚೌಕಟ್ಟಿನೊಳಗೆ ಗುರುತಿಸಿ, ನೀರಿನ ಪ್ರಬಲ ಸಂಕೇತವನ್ನು ಅಡಗಿಸಿ, ಅಲ್ಲಿರುವ ಬೇರೆ ರಾಸಾಯನಿಕಗಳ ಕ್ಷೀಣ ಸಂಕೇತಗಳನ್ನು ಗ್ರಹಿಸಲಾಗುತ್ತದೆ. ಫಲಿತಾಂಶವು ಏರಿಳಿತಗಳ ರೇಖೆಯಾಗಿ ಬರುತ್ತದೆ. ಅದರಲ್ಲಿ 2.0 ಪಿಪಿಎಂ (ರೇಖೆಯ ಉದ್ದಕ್ಕೂ ಶಿಖರಗಳ ಜಾಗ ಗುರುತಿಸುವ ಅಳತೆ) ಸ್ಥಾನದ ಶಿಖರ ಎನ್‌ಎಎ ಎಂಬ ವಸ್ತುವಿನದು. ಆರೋಗ್ಯವಂತ ನರಕೋಶಗಳಿರುವಲ್ಲಿ ಅದು ಎತ್ತರವಾಗಿರುತ್ತದೆ. 3.2ರಲ್ಲಿರುವ ಕೋಲಿನ್ ಶಿಖರ ಕೋಶಪೊರೆಗಳು ರಭಸದಿಂದ ಕಟ್ಟಿ ಒಡೆಯುತ್ತಿರುವುದನ್ನು ಸೂಚಿಸುತ್ತದೆ. ಬೆಳೆಯುತ್ತಿರುವ ಗಡ್ಡೆಯಲ್ಲಿ ಸಾಮಾನ್ಯವಾಗಿ ಕೋಲಿನ್ ಏರಿ, ಎನ್‌ಎಎ ಕುಗ್ಗಿರುತ್ತದೆ. ಕ್ಷಯದ ಗಂಟಿನಲ್ಲಿ 1.3ರ ಸುಮಾರಿಗೆ ಕೊಬ್ಬಿನ ಶಿಖರವೇ ಎದ್ದು ಕಾಣುತ್ತದೆ. ಬ್ಯಾಕ್ಟೀರಿಯಾದಿಂದಾದ ಕೀವುಗಡ್ಡೆಯಲ್ಲಿ 0.9ರ ಬಳಿ ಅಮೈನೋ ಆಮ್ಲಗಳು, ಕೆಲವೊಮ್ಮೆ ಬೇರೆ ಸ್ಥಾನಗಳಲ್ಲಿ ಅಸಿಟೇಟ್ ಮತ್ತು ಸಕ್ಸಿನೇಟ್ ಎಂಬ ರಾಸಾಯನಿಕಗಳೂ ಕಾಣಿಸುತ್ತವೆ.

ಇಲ್ಲಿ ಎಚ್ಚರವೂ ಬೇಕು. ನಡುಭಾಗ ಕೊಳೆತ ಗಡ್ಡೆಯಲ್ಲಿಯೂ ಕೊಬ್ಬು ಮತ್ತು ಲ್ಯಾಕ್ಟೇಟ್ ಎಂಬ ರಾಸಾಯನಿಕ ಇರುತ್ತವೆ. ಹೊದಿಕೆ ಕಳಚುವ ಕಾಯಿಲೆಯಲ್ಲಿಯೂ ಕೋಲಿನ್ ಏರಬಹುದು. ಹೀಗಾಗಿ ಚೌಕಟ್ಟನ್ನು ಎಲ್ಲಿ ಇಟ್ಟರೆಂಬುದೇ ಇಡೀ ಪರೀಕ್ಷೆಯ ಜೀವಾಳವೆಂದು ನಾನು ಭಾವಿಸುತ್ತೇನೆ. ಉಂಗುರದ ಹೊರಗೆ ಊದಿದಂತೆ ಕಾಣುವ ಜಾಗದಲ್ಲಿ ಕೋಲಿನ್ ಹೆಚ್ಚಿದ್ದರೆ ಗಡ್ಡೆಯ ಕೋಶಗಳು ಅಲ್ಲಿಯವರೆಗೂ ಹರಡಿವೆ ಎಂಬ ಅನುಮಾನ ಬಲಗೊಳ್ಳುತ್ತದೆ. ಅದು ಮಿದುಳಿನಲ್ಲಿಯೇ ಹುಟ್ಟುವ ಗ್ಲಯೋಮಾದ ಸ್ವಭಾವ. ದೇಹದ ಬೇರೆ ಕಡೆಯಿಂದ ಬಂದು ನೆಲೆಸಿದ ಗಡ್ಡೆಯ ಸುತ್ತ ಇಂಥ ಹೆಚ್ಚಳ ಸಾಮಾನ್ಯವಾಗಿ ಇರುವುದಿಲ್ಲ. ಗಂಟು ತೀರ ಚಿಕ್ಕದಾಗಿದ್ದರೆ, ತಲೆಬುರುಡೆಗೆ ತಾಗಿದ್ದರೆ ಅಥವಾ ಅದರಲ್ಲಿ ರಕ್ತ ಸೋರಿದ್ದರೆ ರೇಖೆ ನಂಬುವಂತಿರುವುದಿಲ್ಲ.

ಈ ರೇಖೆಯೊಂದನ್ನೇ ನೋಡಿ ವೈದ್ಯರು ತೀರ್ಮಾನಿಸುವುದಿಲ್ಲ. ಸಂದೇಹ ಉಳಿದರೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು, ಬೇಕಾಗುತ್ತದೆ. ಚಿಕಿತ್ಸೆಯ ನಡುವೆ ಮತ್ತೆ ಸ್ಕ್ಯಾನ್‌ಗೆ ಹೋಗುವವರು ಹಳೆಯ ಫಿಲ್ಮ್, ಸಿಡಿ ಮತ್ತು ವರದಿಗಳನ್ನು ತಪ್ಪದೆ ಒಯ್ಯಬೇಕು, ಏಕೆಂದರೆ ಗಂಟು ಕುಗ್ಗಿದೆಯೋ ಬೆಳೆದಿದೆಯೋ ಎಂಬುದು ಹಳೆಯ ಚಿತ್ರದೊಡನೆ ಹೋಲಿಸಿದಾಗಲೇ ಖಚಿತವಾಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಅಥವಾ ದೇಹದಲ್ಲಿ ಲೋಹದ ಸಾಧನವಿದ್ದರೆ ಅದನ್ನು ಯಂತ್ರದ ಕೋಣೆಗೆ ಹೋಗುವ ಮುನ್ನವೇ ತಿಳಿಸಬೇಕು.